ಬಿದರಗೆರೆಯ ಅನ್ನ

ಮೇ 14, ಬುಧವಾರ

ಇವತ್ತು ಮಧ್ಯಾಹ್ನ ಹುರುಳಿಕಾಳು ಆರಿಸುತ್ತ ಕುಳಿತಿದ್ದಾಗ ನನ್ನ ಅಧ್ಯಕ್ಷಗಿರಿ ಹೋಯಿತು. ಪಿಡಿಓ ಫೋನ್ ಮಾಡಿ, "ಮೇಡಂ, ಆದೇಶ ಬಂದಿದೆ, ಪಂಚಾಯ್ತಿ ಇನ್ನಿಲ್ಲ" ಎಂದರು. ಯಾರೋ ತೀರಿಕೊಂಡ ಸುದ್ದಿ ಹೇಳುವ ಹಾಗಿತ್ತು ದನಿ. ಮರುಗಳಿಗೆಯಲ್ಲೇ, "ಬೀರುವಿನ ಇನ್ನೊಂದು ಕೀಲಿ ನಿಮ್ಮ ಹತ್ರ ಇದೆಯಲ್ಲ, ಕಳಿಸ್ಕೊಡಿ" ಎಂದರು.

ಹೊಸ ಕಾಯ್ದೆಯಂತೆ. ಹಾಸನದ ಸುತ್ತಲಿನ ಹಳ್ಳಿಗಳು ಇನ್ನು ಮೇಲೆ ನಗರದೊಳಗೆ. ನಮ್ಮ ಮಾದನಕೊಪ್ಪಲು ಮತ್ತು ಕೆರೆಯಾಚೆಯ ಬಿದರಗೆರೆ ಸೇರಿ ಒಂದು ವಾರ್ಡು. ಅದಕ್ಕೊಂದು ಹೆಸರನ್ನಾದರೂ ಇಟ್ಟರೇ ಎಂದರೆ ಅದೂ ಇಲ್ಲ, ಬಸ್ಸಿಗೆ ಕೊಡುವ ಹಾಗೆ ಬರೀ ನಂಬರು. ಅದರ ಬೆನ್ನಿಗೇ ಇನ್ನೊಂದು ಕಾಯ್ದೆ: ಒಂದು ವಾರ್ಡಿನಲ್ಲಿ ಮಕ್ಕಳು ಕಡಿಮೆ ಇರುವ ಸರ್ಕಾರಿ ಶಾಲೆಗಳನ್ನು ಒಂದುಗೂಡಿಸಬೇಕು. ಅಂದರೆ ನಮ್ಮ ಶಾಲೆಗೆ ಬೀಗ, ನಮ್ಮ ಮಕ್ಕಳು ಬಿದರಗೆರೆಗೆ.

ನಾನು ಅರಕಲಗೂಡಿನಿಂದ ಈ ಊರಿಗೆ ಸೊಸೆಯಾಗಿ ಬಂದಾಗ ಇಲ್ಲಿ ಊರಿನ ಹೆಸರಿನ ಒಂದು ಬೋರ್ಡು ಕೂಡ ಇರಲಿಲ್ಲ. ಅಧ್ಯಕ್ಷೆಯಾದ ಮೇಲೆ ನಾನೇ ನಿಂತು ಬರೆಸಿದ್ದು. ಹಳದಿಯ ಮೇಲೆ ಕಪ್ಪಕ್ಷರ, ಹೊಳೆನರಸೀಪುರದ ಬಸ್ಸಿನಲ್ಲಿ ಹೋಗುವವರಿಗೂ ಕಾಣಬೇಕು ಎಂದು ಅಷ್ಟು ದಪ್ಪ. ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಶೌಚಾಲಯ, ಅದಕ್ಕೆ ನೀರು, ಬಾಗಿಲಿಗೆ ಒಳಗಿನಿಂದ ಚಿಲಕ. ಆ ಚಿಲಕಕ್ಕಾಗಿ ಎಷ್ಟು ಸಲ ಕಂಟ್ರಾಕ್ಟರನ ಮನೆಗೆ ಅಲೆದಿದ್ದೇನೆ! ಅದನ್ನೆಲ್ಲ ಯಾರೋ ಎಲ್ಲೋ ಕೈಯೆತ್ತಿ ಅಳಿಸಿಬಿಟ್ಟರು.

ಶಶಿ ಹಾಸನದ ಪಂಪ್‌ಸೆಟ್ ರಿಪೇರಿ ಅಂಗಡಿ ಮುಚ್ಚಿ ಬಂದವರು, "ಬುಡು ಅಧ್ಯಕ್ಷ್ರೇ, ಇನ್ಮೇಲೆ ನಾವೂ ಸಿಟಿಯೋರು. ನೀನಿನ್ನು ಚೂಡಿದಾರ ಆಕ್ಕೋಬೋದು" ಎಂದು ನಕ್ಕರು. ಗಂಡನೆಂದೂ ನೋಡದೆ ಊಟ ಬಡಿಸದೆ ಮಲಗಿಬಿಡೋಣ ಅನಿಸಿತು. ಬಡಿಸಿದೆ.

ಮೇ 16, ಶುಕ್ರವಾರ

ಡೇರಿಯ ಮುಂದೆ ಯಾರೋ "ಬನ್ನಿ ಮಾಜಿ" ಎಂದರು. ಹಾಲು ಹಾಕಿ, ಚೀಟಿಯನ್ನೂ ತೆಗೆದುಕೊಳ್ಳದೆ ಬಂದೆ.

ಮೇ 23, ಶುಕ್ರವಾರ

ಸರ್ಕಾರ ಅಳಿಸಿದರೆ ಊರು ಹೋಗಿಬಿಡುತ್ತದೆಯೇ ಎಂದು ಮನೆಮನೆಗೆ ಹೋಗಿ ಕೇಳಿದೆ. ನಾನೇ ಸಭೆ ಕರೆದೆ, ಶಾಲೆಯ ಜಗುಲಿಯ ಮೇಲೆ. ಜನ ಬಂದರು. ಬಂದವರು ಕೇಳಿದ್ದೆಲ್ಲ ಕಂದಾಯ ಎಷ್ಟು ಏರುತ್ತೆ, ಸೈಟಿಗೆ ಏನು ರೇಟು ಬರುತ್ತೆ, ಚರಂಡಿ ಯಾವಾಗ ಮಾಡ್ತಾರೆ. ಶಾಲೆ ಮುಚ್ಚುವ ಮಾತಿಗೆ ಒಬ್ಬರೂ ತಲೆ ಎತ್ತಲಿಲ್ಲ. ಎತ್ತುವುದಾದರೂ ಯಾಕೆ? ಅನುಕೂಲವಿದ್ದವರ ಮಕ್ಕಳೆಲ್ಲ ಹಳದಿ ವ್ಯಾನಿನಲ್ಲಿ ಹಾಸನದ ಕಾನ್ವೆಂಟಿಗೆ ಹೋಗುತ್ತವೆ. ನಮ್ಮ ಶಾಲೆಯಲ್ಲಿ ಉಳಿದಿರುವುದು ಗಾರ್ಮೆಂಟ್ಸಿಗೆ ಹೋಗುವವರ, ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವರ ಮಕ್ಕಳು. ಅವರ ಅಪ್ಪ ಅಮ್ಮಂದಿರಿಗೆ ಸಭೆಗೆ ಬರಲು ಬಿಡುವಿಲ್ಲ.

ನನಗೆ ರೇಗಿಹೋಯಿತು. ರೇಗಿದಾಗ ನನ್ನ ತಲೆ ಚುರುಕಾಗುತ್ತದೆ. "ಅಲ್ಲ, ನಮ್ಮೂರ ಮಕ್ಕಳು ದಿನಾ ಮಧ್ಯಾಹ್ನ ಬಿದರಗೆರೇಲಿ ಬೆಂದ ಅನ್ನ ಉಣ್ಬೇಕಾಯ್ತದಲ್ಲ, ಅದಾದ್ರೂ ಯಾರಿಗಾದ್ರೂ ನೆನಪೈತಾ?" ಎಂದುಬಿಟ್ಟೆ.

ಎದ್ದು ಹೊರಟಿದ್ದವರೂ ಮತ್ತೆ ಕುಳಿತರು.

ನನ್ನ ಅತ್ತೆ ಲಕ್ಕಮ್ಮನವರು ಹೇಳುತ್ತಿದ್ದ ಕಥೆ ಇದು. ಹಿಂದೆ ಯಾವುದೋ ಕಾಲದಲ್ಲಿ ಕೆರೆಯ ನೀರಿಗಾಗಿ ಎರಡೂ ಊರಿಗೆ ಹೊಡೆದಾಟವಾಗಿ, ನಮ್ಮವರು ಕರಿಯಮ್ಮನ ಗುಡಿಯ ಮುಂದೆ ಆಣೆ ಇಟ್ಟರಂತೆ: ಬಿದರಗೆರೆಯ ಒಲೆಯಲ್ಲಿ ಬೆಂದ ಅನ್ನವನ್ನು ಕೊಪ್ಪಲಿನವರು ಮುಟ್ಟುವುದಿಲ್ಲ. ಮುಟ್ಟಿದರೆ ಅಮ್ಮ ಮೈಗೆ ಬೆಂಕಿ ಹಾಕುತ್ತಾಳೆ. ಬೆಂಕಿ ಅಂದರೆ ಜ್ವರ, ಇಳಿಯದ ಜ್ವರ. ನಿಜ ಹೇಳಬೇಕೆಂದರೆ ಈ ಆಣೆ ನಿದ್ದೆ ಹೋಗಿ ಎಷ್ಟೋ ಕಾಲವಾಗಿತ್ತು. ಮದುವೆ ಮುಂಜಿ ಎಲ್ಲ ಹಾಸನದ ಛತ್ರಗಳಲ್ಲಿ ಆಗುವುದರಿಂದ ಯಾರಿಗೂ ತೊಡಕಿರಲಿಲ್ಲ. ಬಿದರಗೆರೆ ಗೇಟಿನ ಹೋಟೆಲಿನಲ್ಲಿ ನಮ್ಮ ಗಂಡಸರು ದಿನಾ ಬೋಂಡಾ ತಿನ್ನುತ್ತಾರೆ. ಕೇಳಿದರೆ ಬೋಂಡಾ ಎಣ್ಣೆಯಲ್ಲಿ ಕರಿದದ್ದು, ಬೆಂದ ಅನ್ನವಲ್ಲ ಎನ್ನುತ್ತಾರೆ.

ಗುಡಿಯ ಯಜಮಾನಿಕೆ ನೋಡಿಕೊಳ್ಳುವ ಚೆನ್ನಯ್ಯಮಾವ ಎದ್ದು ನಿಂತರು. "ಸ್ನೇಹವ್ವ ಯೋಳೋದು ಸರಿ ಕಣ್ರಲಾ. ಸರ್ಕಾರ ಊರ ಎಸ್ರು ಅಳಿಸ್ಬೋದು, ಅಮ್ಮನ ಆಣೆ ಅಳಿಸಕ್ಕಾಯ್ತದಾ?"

ಅಷ್ಟೇ ಸಾಕಾಯಿತು. ರೇಟು ಕೇಳುತ್ತಿದ್ದವರೆಲ್ಲ ಊರ ಮಾನದ ಮಾತು ಆಡತೊಡಗಿದರು. ಕಾನ್ವೆಂಟಿಗೆ ಮಕ್ಕಳನ್ನು ಕಳಿಸುವವರೇ ಎಲ್ಲರಿಗಿಂತ ಜೋರು. ಬಹಳ ದಿನದ ಮೇಲೆ ಖುಷಿಯಾಗಿದ್ದೇನೆ. ಸರ್ಕಾರಕ್ಕೆ ಈಗ ಗೊತ್ತಾಗುತ್ತೆ.

ಮೇ 27, ಮಂಗಳವಾರ

ಹಾಸನದ ಶಿಕ್ಷಣ ಇಲಾಖೆಯ ಆಫೀಸಿಗೆ ಹೋಗಿ, ನಮ್ಮ ಶಾಲೆ ಮುಚ್ಚಬೇಡಿ ಎಂದು ಮನವಿ ಕೊಟ್ಟೆ. ಸಾಹೇಬರು ಒಳ್ಳೆಯವರು, ಕೂರಿಸಿ ಟೀ ಕೊಡಿಸಿದರು. ಪೂರ್ತಿ ಓದಿದರು. "ಮೇಡಂ, ನಿಮ್ಮ ನೋವು ಅರ್ಥ ಆಗುತ್ತೆ. ಆದ್ರೆ ಕಾಯ್ದೇಲಿ ದೂರ ಎಷ್ಟು ಅಂತ ಇದೆ, ಮಕ್ಕಳು ಎಷ್ಟು ಅಂತ ಇದೆ. ಆಣೆ ಅನ್ನೋದು ಎಲ್ಲೂ ಇಲ್ಲ. ನಾನೇನು ಬರೀಲಿ ಮೇಲಕ್ಕೆ?"

"ಮಕ್ಕಳು ಊಟ ಮಾಡಲ್ಲ ಅಂತ ಬರೀರಿ ಸರ್."

"ಮಾಡದೇ ಇದ್ದಾಗ ಬರೀತೀನಿ" ಎಂದರು.

ಒಳ್ಳೆಯವರ ಮೇಲೆ ಸಿಟ್ಟು ಮಾಡಿಕೊಳ್ಳುವುದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ. ಬಸ್‌ಸ್ಟ್ಯಾಂಡಿನವರೆಗೂ ನಡೆದೇ ಬಂದೆ. ಆಟೋದವನು ಕರೆದರೂ ಹತ್ತಲಿಲ್ಲ.

ಜೂನ್ 2, ಸೋಮವಾರ

ನಮ್ಮ ಮಕ್ಕಳು ಇವತ್ತು ಬಿದರಗೆರೆ ಶಾಲೆಗೆ ಹೋದರು. ಹೋಗುವ ಮುಂಚೆ ಚೆನ್ನಯ್ಯಮಾವ ಎಲ್ಲರನ್ನೂ ಗುಡಿಯ ಮುಂದೆ ನಿಲ್ಲಿಸಿ ತೀರ್ಥ ಕೊಟ್ಟು, ಅಲ್ಲಿನ ಅನ್ನ ಮುಟ್ಟಲ್ಲ ಎಂದು ಹೇಳಿಸಿದರು. ಮಕ್ಕಳು ಪ್ರಾರ್ಥನೆ ಹೇಳುವ ಹಾಗೆ ರಾಗವಾಗಿ ಹೇಳಿದವು. ಎಲ್ಲರ ಕೈಯಲ್ಲೂ ಮನೆಯ ಊಟದ ಡಬ್ಬಿ. ಕೆರೆ ಏರಿಯ ಮೇಲೆ ಸಾಲಾಗಿ ಹೋಗುವುದನ್ನು ನೋಡಿ ನನಗೆ ಎದೆಯುಬ್ಬಿ ಬಂತು. ಊರೆಂದರೆ ಹೀಗಿರಬೇಕು. ಶಶಿಗೆ ಹೇಳಿದರೆ, "ಪಾಪ ಐಕ್ಳು" ಎಂದಷ್ಟೇ ಹೇಳಿ ಟಿವಿ ಹಾಕಿಕೊಂಡರು. ಇವರಿಗೆ ಯಾವುದರಲ್ಲೂ ಆಸಕ್ತಿಯಿಲ್ಲ.

ಜೂನ್ 9, ಸೋಮವಾರ

ಬಿದರಗೆರೆ ಶಾಲೆಯ ಹೆಡ್‌ಮಿಸ್ ತೇಜಶ್ರೀ ಫೋನ್ ಮಾಡಿದ್ದರು. ಕೊಪ್ಪಲಿನ ಮಕ್ಕಳು ಬೆಳಗಿನ ಹಾಲನ್ನೂ ಕುಡಿಯುತ್ತಿಲ್ಲವಂತೆ. ಮೊಟ್ಟೆಯ ದಿನ ತಟ್ಟೆಯ ಕಡೆ ನೋಡದೆ ಗೋಡೆಗೆ ಮುಖ ಮಾಡಿ ಕೂರುತ್ತವಂತೆ.

"ಒಳ್ಳೇದಾಯ್ತು ಮೇಡಂ, ಇದನ್ನೇ ರಿಪೋರ್ಟಿನಲ್ಲಿ ಬರೆದು ಕಳಿಸಿ, ನಮ್ಮ ಮನವಿಗೆ ಬಲ ಬರುತ್ತೆ" ಎಂದೆ.

ಅವರು ಫೋನ್ ಇಟ್ಟುಬಿಟ್ಟರು. ಸಿಟ್ಟು ಬಂದಿರಬೇಕು. ಯಾಕೋ ಗೊತ್ತಾಗಲಿಲ್ಲ. ನಾನೇನು ಅವರನ್ನು ಅಂದೆನೇ?

ಜೂನ್ 24, ಮಂಗಳವಾರ

ಬರೆಯಲು ಮನಸ್ಸಿಲ್ಲ. ಬರೆಯದಿದ್ದರೆ ನಿದ್ದೆ ಬರುವುದಿಲ್ಲ.

ಮನವಿಗೆ ಉತ್ತರವಿಲ್ಲವಲ್ಲ ಎಂದು ಹಾಸನದಿಂದ ಒಬ್ಬ ಪತ್ರಕರ್ತನನ್ನು ಕರೆಸಿದ್ದೆ. ಮಕ್ಕಳು ಬಿಸಿಯೂಟ ಬಿಟ್ಟು ಕುಳಿತಿರುವ ಫೋಟೋ ಪೇಪರಿನಲ್ಲಿ ಬಂದರೆ ಮೇಲಿನವರು ಎದ್ದು ಕೂರುತ್ತಾರೆ ಎಂಬ ಲೆಕ್ಕ. ಊಟದ ಹೊತ್ತಿಗೇ ಕರೆದುಕೊಂಡು ಹೋದೆ. ಬಿದರಗೆರೆಯ ಮಕ್ಕಳು ಒಂದು ಸಾಲಿನಲ್ಲಿ, ನಮ್ಮ ಮಕ್ಕಳು ಆಚೆ ಗೋಡೆಯ ಕಡೆ. ಮನೆಯಿಂದ ಬೆಳಿಗ್ಗೆ ತಂದ ಚಿತ್ರಾನ್ನ ಕೆಲವರದು ಹಳಸಿದ ವಾಸನೆ ಬರುತ್ತಿತ್ತು. ತುದಿಯಲ್ಲಿ ಪುಟ್ಟರಾಜುವಿನ ಮಗಳು ಸ್ಪಂದನಾ, ಮೂರನೇ ಕ್ಲಾಸು. ಎಲ್ಲರೂ ತಿನ್ನುತ್ತಿದ್ದರೆ ಅವಳು ಡಬ್ಬಿಯನ್ನು ತೊಡೆಯ ಮೇಲಿಟ್ಟು ಎರಡೂ ಕೈ ಮುಚ್ಚಳದ ಮೇಲೆ ಒತ್ತಿಕೊಂಡಿದ್ದಳು.

"ಯಾಕಮ್ಮಿ, ಉಣ್ಣಲ್ವಾ?"

"ಉಂಡಾಯ್ತು ಆಂಟಿ."

ತಮಾಷೆಗೆಂದು ಡಬ್ಬಿ ತೆಗೆದುಕೊಂಡೆ. ಹಗುರ. ತೆರೆದೆ. ಒಳಗೆ ತೊಳೆದು ಒರೆಸಿದ ಡಬ್ಬಿ, ಒಂದು ಅಗುಳೂ ಇಲ್ಲ. ಪತ್ರಕರ್ತ ಹಿಂದಿನಿಂದ ಓಡಿ ಬಂದ. "ಮೇಡಂ, ಹಂಗೇ ಇಡ್ಕೊಳಿ, ಹುಡ್ಗಿ ಮುಖನೂ ಬರ್ಲಿ, ಬೆಂಕಿ ಫೋಟೋ ಇದು" ಎಂದ. ನಾನು ಮುಚ್ಚಳ ಹಾಕಿದೆ. ಅವನನ್ನು ಗೇಟಿನ ಆಚೆಗೆ ತಳ್ಳಿಕೊಂಡೇ ಹೋದೆ. ಅವನು ಬಸ್ಸಿನ ಖರ್ಚಿನ ಮಾತು ತೆಗೆದ. ಅವನಿಗೆ ಏನೇನು ಅಂದೆನೋ ನೆನಪಿಲ್ಲ.

ಸ್ಪಂದನಾಳ ತಾಯಿ ಬೆಳಗಾಗುವ ಮುಂಚೆಯೇ ಗಾರ್ಮೆಂಟ್ಸ್ ವ್ಯಾನು ಹತ್ತುತ್ತಾಳೆ. ಪುಟ್ಟರಾಜು ಅದಕ್ಕೂ ಮುಂಚೆ ಮಾರ್ಕೆಟ್ಟಿಗೆ. ಮನೆಯಲ್ಲಿರುವ ಅಜ್ಜಿಗೆ ಕಣ್ಣು ಮಂಜು. ಶಾಲೆಯ ಊಟ ಇದ್ದುದರಿಂದಲೇ ಆ ಮನೆ ನಡೆಯುತ್ತಿತ್ತು. ತೇಜಶ್ರೀ ಮೇಡಂ ನನ್ನ ಮುಖ ನೋಡದೆ ಹೇಳಿದರು: "ಶುರುವಿನಿಂದಲೂ ಹೀಗೇ. ಮೊಟ್ಟೆ ಕೈಗೆ ಕೊಟ್ರೂ ವಾಪಸ್ ಇಡ್ತಾಳೆ. ಆಣೆ ಐತೆ ಮಿಸ್, ಅಧ್ಯಕ್ಷರು ಯೋಳವ್ರೆ ಅಂತಾಳೆ."

ಈ ಸರ್ಕಾರಕ್ಕೆ ನಾಚಿಕೆಯಾಗಬೇಕು. ಮಕ್ಕಳ ಊಟದ ಮೇಲೆ ಕಾಯ್ದೆ ಮಾಡುವವರಿಗೆ ಹೊಟ್ಟೆ ಅನ್ನುವುದು ಇಲ್ಲವೇ? ಆ ಪುಟ್ಟರಾಜುವಿಗಾದರೂ ಬುದ್ಧಿ ಬೇಡವೇ? ತೇಜಶ್ರೀ ಮೇಡಂ ಮೊದಲೇ ಬಿಡಿಸಿ ಹೇಳಬಾರದಿತ್ತೇ? ಎಲ್ಲರ ಮೇಲೂ ಸಿಟ್ಟು ಬರುತ್ತಿದೆ. ಸಾರಿಗೆ ಎರಡು ಸಲ ಉಪ್ಪು ಹಾಕಿದೆ.

ಜೂನ್ 27, ಶುಕ್ರವಾರ

ಸ್ಪಂದನಾಳಿಗೆ ನಮ್ಮ ಮನೆಯಿಂದ ಡಬ್ಬಿ ಕಟ್ಟಿ ಕೊಟ್ಟೆ, ನಿನ್ನೆ ಮತ್ತು ಇವತ್ತು. ಸಂಜೆ ಪುಟ್ಟರಾಜು ಡಬ್ಬಿ ಹಿಡಿದುಕೊಂಡು ಬಾಗಿಲಿಗೆ ಬಂದ. ತೊಳೆದು ತಂದಿದ್ದ. "ತಪ್ಪು ತಿಳ್ಕೋಬೇಡಿ ಅಕ್ಕ. ಸ್ಕೂಲಲ್ಲಿ ಉಂಡ್ರೆ ಎಲ್ಲಾ ಐಕ್ಳ ಜೊತೆ ಉಂಡಂಗೆ. ನಿಮ್ಮನೆಯಿಂದ ಬಂದ್ರೆ ನನ್ನ ಮಗಳು ಬೇಡಿ ಉಂಡಂಗೆ. ನಾಳೆಯಿಂದ ಬ್ಯಾಡ." ಮೆತ್ತಗೇ ಹೇಳಿದ.

ನಮ್ಮ ಹಳೇ ಶಾಲೆಯಲ್ಲೇ ಬೇಯಿಸಿ ಆಟೋದಲ್ಲಿ ಕಳಿಸೋಣವೆಂದು ತೇಜಶ್ರೀ ಮೇಡಂ ಹತ್ತಿರ ಕೇಳಿದೆ. ಅಕ್ಕಿ, ಗ್ಯಾಸು ಎಲ್ಲ ಒಂದೇ ಶಾಲೆಯ ಹೆಸರಿಗೆ ಬರುತ್ತದಂತೆ, ಮುಚ್ಚಿದ ಶಾಲೆಗೆ ಬರುವುದಿಲ್ಲ. ಹಾಗಾದರೆ ನಮ್ಮೂರಿನವರೇ ಅಲ್ಲಿಗೆ ಹೋಗಿ ಬೇಯಿಸಿದರೆ? ಚೆನ್ನಯ್ಯಮಾವನನ್ನು ಕೇಳಿದೆ. "ಕೈ ಯಾರದಾದ್ರೇನವ್ವ, ಒಲೆ ಯಾವೂರ್ದು?" ಎಂದರು.

ಬೋಂಡಾಕ್ಕೆ ಒಂದು ದಾರಿ ಹುಡುಕಿದ ಊರಿಗೆ ಮಕ್ಕಳ ಅನ್ನಕ್ಕೆ ಒಂದು ದಾರಿ ಸಿಗುತ್ತಿಲ್ಲ.

ಜೂನ್ 29, ಭಾನುವಾರ

ಗುಡಿಯ ಮುಂದೆ ಎಲ್ಲರನ್ನೂ ಸೇರಿಸಿದೆ. ರಾತ್ರಿಯೆಲ್ಲ ಯೋಚಿಸಿ ಒಂದು ಮಾತು ಕೂಡಿಸಿಕೊಂಡು ಹೋಗಿದ್ದೆ.

"ಆಣೆ ಇಟ್ಟಿದ್ದು ಯಾರು? ಮಾದನಕೊಪ್ಪಲು. ಯಾವೂರಿನ ಅನ್ನ ಬೇಡ ಅಂತ? ಬಿದರಗೆರೇದು. ಈಗ ಎರಡೂ ಊರು ಇಲ್ಲ. ಸರ್ಕಾರ ಅಳಿಸೈತೆ. ಇರೋದು ಒಂದು ವಾರ್ಡು. ಒಂದೇ ವಾರ್ಡಿನೊಳಗೆ ಆ ಊರು ಈ ಊರು ಎಲ್ಲಿಂದ ಬತ್ತದೆ? ಊರೇ ಇಲ್ಲ ಅಂದ್ಮೇಲೆ ಆಣೆನೂ ಇಲ್ಲ."

ಒಳ್ಳೆಯ ವಾದ ಎಂದೇ ಈಗಲೂ ಅನಿಸುತ್ತದೆ. ಜನ ಒಬ್ಬರ ಮುಖ ಒಬ್ಬರು ನೋಡಿದರು. ಚೆನ್ನಯ್ಯಮಾವ ಬೀಡಿ ಆರಿಸಿ ಕಿವಿಗೆ ಸಿಕ್ಕಿಸಿಕೊಂಡರು.

"ಸರ್ಕಾರ ಅಳಿಸಿದ್ರೆ ಊರು ಓಗ್ಬುಡ್ತದಾ ಅಂತ ಇದೇ ಬಾಯಲ್ಲಿ ಮೊನ್ನೆ ಕೇಳ್ದೋಳು ನೀನು. ಇವತ್ತು ಊರೇ ಇಲ್ಲ ಅಂತೀಯ. ಯಾವ ಮಾತು ನಂಬನ ನಾವು? ಸುಮ್ನೆ ಮನಗಿದ್ದ ಆಣೆನ ಎಬ್ಬರಿಸ್ದೋಳೂ ನೀನೇ ಕಣವ್ವ. ಎದ್ಮೇಲೆ ಅದು ಸುಮ್ನಿರ್ತದಾ?"

ಯಾರೂ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು, ಜಗಳವಾದರೂ ಆಡಬಹುದಿತ್ತು. ಚೆನ್ನಯ್ಯಮಾವನ ಮೊಮ್ಮಕ್ಕಳು ಕಾನ್ವೆಂಟಿಗೆ ಹೋಗುತ್ತಾರೆ ಎಂಬ ಮಾತು ಗಂಟಲವರೆಗೆ ಬಂತು. ಆಡಲಿಲ್ಲ. ಅವರು ಹೇಳಿದ್ದು ಸರಿಯಾಗಿಯೇ ಇತ್ತು.

ಜುಲೈ 2, ಬುಧವಾರ

ಮೈಯಲ್ಲಿ ಸತ್ವವಿಲ್ಲ. ಮಳೆ ಹಿಡಿದಿದೆ. ಮಕ್ಕಳು ಕೊಡೆ ಹಿಡಿದುಕೊಂಡು ಏರಿಯ ಮೇಲೆ ಹೋಗುವುದು ಹಿತ್ತಲಿನಿಂದ ಕಾಣುತ್ತದೆ. ಇವತ್ತು ಹಿತ್ತಲಿಗೆ ಹೋಗಲಿಲ್ಲ.

ಜುಲೈ 7, ಸೋಮವಾರ

ತಿಂದೆ.

ಯಾರಿಗೂ ಹೇಳಿರಲಿಲ್ಲ. ಹೇಳಿದ್ದರೆ ಬಿಡುತ್ತಿರಲಿಲ್ಲ, ಅಥವಾ ನನಗೇ ಧೈರ್ಯ ಸಾಲುತ್ತಿರಲಿಲ್ಲ. ಊಟದ ಗಂಟೆ ಹೊಡೆಯುವಾಗ ಬಿದರಗೆರೆ ಶಾಲೆಗೆ ಹೋಗಿ, ಒಂದು ತಟ್ಟೆ ತೊಳೆದುಕೊಂಡು ಸಾಲಿನಲ್ಲಿ ಕುಳಿತೆ. ಅಡುಗೆಯ ದಾಕ್ಷಾಯಣಮ್ಮ ಸೌಟು ಹಿಡಿದು ನಿಂತೇಬಿಟ್ಟರು. "ಬ್ಯಾಡಿ ತಾಯಿ. ನಿಮ್ಮೂರಮ್ಮ ಬೋ ಉಗ್ರ ಅಂತಾರೆ. ನನ್ನ ಕೈಲಿ ಬಡ್ಸಿ ನಿಮಗೇನಾದ್ರೂ ಆದ್ರೆ ನಾನೆಲ್ಲಿಗೋಗ್ಲಿ?" ಸೌಟನ್ನು ಪಾತ್ರೆಯೊಳಗೇ ಬಿಟ್ಟು ಹಿಂದಕ್ಕೆ ಸರಿದರು. ಆಣೆ ಇಟ್ಟದ್ದು ನಾವು, ಹೆದರಿಕೆ ಅವರಿಗೂ ಇದೆ ಎಂದು ಇವತ್ತೇ ಗೊತ್ತಾದದ್ದು. ನಾನೇ ಬಡಿಸಿಕೊಂಡೆ.

ಹೆದರಿಕೆ ಇರಲಿಲ್ಲ ಎಂದು ಬರೆದರೆ ಸುಳ್ಳು. ನಾನು ಪಿಯುಸಿ ಓದಿದವಳು, ಜ್ವರ ಎಲ್ಲಿಂದ ಬರುತ್ತದೆ ಎಂದು ಗೊತ್ತಿರುವವಳು. ಆದರೂ ಮದುವೆಯಾದ ದಿನ ಇದೇ ಕರಿಯಮ್ಮನ ಮುಂದೆ ತಲೆಬಾಗಿಸಿದ್ದೇನೆ, ಈಗ ಹಾಸ್ಟೆಲಿನಲ್ಲಿರುವ ಮಗನಿಗೆ ಚಿಕ್ಕಂದಿನಲ್ಲಿ ಹುಷಾರು ತಪ್ಪಿದಾಗ ಅವಳಿಗೇ ಹರಕೆ ಹೊತ್ತಿದ್ದೇನೆ. ಮೊದಲ ತುತ್ತು ಬಾಯಲ್ಲಿ ತಿರುಗಿತೇ ಹೊರತು ಕೆಳಗಿಳಿಯಲಿಲ್ಲ. ಆಮೇಲೆ ಇಳಿಯಿತು. ಸೊಪ್ಪಿನ ಸಾರು ಚೆನ್ನಾಗಿತ್ತು, ಸ್ವಲ್ಪ ಹುಳಿ ಮುಂದು.

ಗೋಡೆಯ ಕಡೆಯ ನಮ್ಮ ಮಕ್ಕಳು ತಮ್ಮ ಡಬ್ಬಿ ಮರೆತು ನನ್ನ ಬಾಯಿಯನ್ನೇ ನೋಡುತ್ತಿದ್ದರು. "ಬನ್ರೋ, ಏನೂ ಆಗಲ್ಲ" ಎಂದೆ. ಒಬ್ಬರೂ ಏಳಲಿಲ್ಲ. ಸ್ಪಂದನಾ ಮಾತ್ರ ಹತ್ತಿರ ಬಂದು ತಟ್ಟೆ ಬಗ್ಗಿ ನೋಡಿದಳು. "ಇವತ್ತೇ ಗೊತ್ತಾಗಲ್ಲ ಆಂಟಿ. ಬೆಂಕಿ ನಿಧಾನಕ್ಕೆ ಬತ್ತದಂತೆ, ಅಜ್ಜಿ ಯೋಳ್ತು. ಗುರುವಾರ ಮೊಟ್ಟೆ ಐತೆ. ಅಲ್ಲೀಗಂಟ ನಿಮ್ಗೇನೂ ಆಗ್ಲಿಲ್ಲ ಅಂದ್ರೆ ನಾನೂ ಉಣ್ತೀನಿ" ಎಂದಳು. ವ್ಯಾಪಾರ ಕುದುರಿಸುವ ಹಾಗೆ ಹೇಳಿದಳು.

ನಾನು ಮನೆ ಮುಟ್ಟುವ ಮುಂಚೆಯೇ, ಸ್ಪಂದನಾಳ ಗುರುವಾರದ ಮಾತೂ ಸೇರಿ, ಸುದ್ದಿ ಮುಟ್ಟಿತ್ತು. ಅತ್ತೆ ಜಗುಲಿಯ ಮೇಲಿದ್ದವರು ಎದ್ದು ಒಳಗೆ ಹೋದರು. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ಜುಲೈ 8, ಮಂಗಳವಾರ

ಇವತ್ತೂ ಹೋಗಿ ತಿಂದೆ. ನಲ್ಲಿಯ ಹತ್ತಿರ ಹೆಂಗಸರು ನಾನು ಬಂದ ಕೂಡಲೇ ಮಾತು ನಿಲ್ಲಿಸಿ ನನ್ನ ಮೈಕೈ ನೋಡುತ್ತಾರೆ. ಡೇರಿಯಲ್ಲೂ ಹಾಗೇ. ನಾನು ಕೆಮ್ಮಿದರೆ ಸಾಕು, ನಾಲ್ಕು ತಲೆ ತಿರುಗುತ್ತವೆ. ಅಧ್ಯಕ್ಷೆಯಾಗಿದ್ದಾಗ ಇಷ್ಟು ಜನ ನನ್ನನ್ನು ಗಮನಿಸಿರಲಿಲ್ಲ. ಅತ್ತೆ ಮಾತಾಡುತ್ತಿಲ್ಲ. ಶಶಿ ಮಾತ್ರ, "ಸಾರು ಎಂಗಿತ್ತು?" ಎಂದು ಕೇಳಿದರು. ತಮಾಷೆಗಲ್ಲ, ನಿಜವಾಗಿ ಕೇಳಿದರು.

ಜುಲೈ 9, ಬುಧವಾರ

ಜ್ವರ.

ಬೆಳಗಿನಿಂದ ಮೈ ಕೈ ನೋವಿತ್ತು, ಸಂಜೆಗೆ ಸುಡತೊಡಗಿತು. ಸೋಮವಾರ ಏರಿಯ ಮೇಲೆ ಮಳೆಯಲ್ಲಿ ನೆಂದಿದ್ದೆ, ಅದಕ್ಕೇ. ಅದಕ್ಕೇ ಇರಬೇಕು. ನಾಳೆ ಗುರುವಾರ. ನಾನು ಮಲಗಿದ್ದು ಯಾರ ಕಣ್ಣಿಗಾದರೂ ಬಿದ್ದರೆ ಮುಗಿಯಿತು, ಇನ್ನು ಈ ಊರಿನ ಒಂದು ಮಗುವೂ ಆ ತಟ್ಟೆ ಮುಟ್ಟುವುದಿಲ್ಲ. ಅಮ್ಮಾ ತಾಯಿ, ಇನ್ನೊಂದು ವಾರ ತಡೆದು ಹಾಕಬಾರದಿತ್ತೇ ನಿನ್ನ ಬೆಂಕಿಯನ್ನು?

ಜುಲೈ 10, ಗುರುವಾರ

ಅಕ್ಷರ ಸೊಟ್ಟ ಬರುತ್ತಿದೆ. ಆದರೂ ಬರೆದೇ ಮಲಗುತ್ತೇನೆ.

ಬೆಳಿಗ್ಗೆ ಮಾತ್ರೆ ನುಂಗಿ ಎದ್ದೆ. ಜಡೆ ಹಾಕಿಕೊಳ್ಳಲು ಹೋದರೆ ಕೈ ಮೇಲೇಳುತ್ತಿಲ್ಲ, ಬಾಚಣಿಗೆ ಎರಡು ಸಲ ಬಿತ್ತು. ತಿರುಗಿ ನೋಡಿದರೆ ಬಾಗಿಲಲ್ಲಿ ಅತ್ತೆ. ಎಷ್ಟು ಹೊತ್ತಿನಿಂದ ನಿಂತಿದ್ದರೋ. ಹತ್ತಿರ ಬಂದು ಹಿಂಗೈಯನ್ನು ನನ್ನ ಕತ್ತಿಗೆ ಒತ್ತಿ ನೋಡಿದರು. ಹಾಗೇ ಆಚೆ ಹೋದರು. ಇನ್ನೇನು, ನೇರ ಚೆನ್ನಯ್ಯಮಾವನ ಮನೆಗೆ ಹೋಗುತ್ತಾರೆ ಎಂದುಕೊಂಡೆ. ಅವರನ್ನು ತಡೆಯುವ ಬಾಯಿ ನನಗಿರಲಿಲ್ಲ. ಈ ಮನೆಯಲ್ಲಿ ಕರಿಯಮ್ಮನಿಗೆ ದೀಪ ಹಚ್ಚದೆ ಒಂದು ಲೋಟ ಕಾಫಿ ಕುಡಿದವರಲ್ಲ ಅವರು.

ವಾಪಸ್ ಬಂದಾಗ ಕೈಯಲ್ಲಿ ಕಷಾಯದ ಲೋಟ ಮತ್ತು ಕನಕಾಂಬರ. ನನ್ನನ್ನು ಕೂರಿಸಿ ತಲೆ ಬಾಚಿದರು, ಸಣ್ಣ ಹುಡುಗಿಗೆ ಬಾಚುವ ಹಾಗೆ ಬಿಗಿಯಾಗಿ. ಹೂ ಮುಡಿಸಿ, ಕುಂಕುಮ ಇಟ್ಟು, ಲೋಟ ಕೈಗೆ ಕೊಟ್ಟರು. ಕುಡಿದೆ. "ನೆಟ್ಗೆ ನಡಿ. ತೂರಾಡ್ಬ್ಯಾಡ. ಆ ಹುಡ್ಗಿ ಕಾಯ್ತಾ ಕುಂತಿರ್ತದೆ" ಎಂದರು. ಮೂರು ದಿನದ ಮೇಲೆ ಅವರು ನನ್ನೊಂದಿಗೆ ಆಡಿದ ಮೊದಲ ಮಾತು ಅದು.

ಬೀದಿಯ ಕೊನೆಯವರೆಗೂ ಜೊತೆಗೇ ಬಂದರು, ನನ್ನ ಮೊಣಕೈ ಹಿಡಿದುಕೊಂಡು. ನೋಡುವವರಿಗೆ ಸೊಸೆ ಅತ್ತೆಯನ್ನು ನಡೆಸುತ್ತಿದ್ದಾಳೆ ಎಂದು ಕಾಣಬೇಕು, ಹಾಗೆ ಹಿಡಿದಿದ್ದರು. ನಲ್ಲಿಯ ಹತ್ತಿರ ಮಾಯಮ್ಮ ಕೊಡ ಕೆಳಗಿಟ್ಟು ಕೇಳಿಯೇಬಿಟ್ಟಳು: "ಎಂಗವ್ಳೆ ಲಕ್ಕಕ್ಕ ನಿನ್ ಸೊಸೆ? ಮಕ ಯಾಕೋ ಕೆಂಪಗೈತೆ?"

"ಗುಂಡ್ಕಲ್ಲಂಗೆ ಅವ್ಳೆ ಕಣೇ. ದಿನಾ ಓಗಿ ಅಲ್ಲಿ ತಿಂದ್ಬಂದು ಕೆಂಪಗಾಗವ್ಳೆ. ನಿನ್ ಕಣ್ಣೊಂದು ಬೀಳ್ದಿದ್ರೆ ಸಾಕು."

ಅತ್ತೆ ಸುಳ್ಳು ಹೇಳಿದ್ದನ್ನು ನಾನು ಇದೇ ಮೊದಲು ಕೇಳಿದ್ದು.

ಏರಿಯ ಮೇಲೆ ಎರಡು ಕಡೆ ಕುಳಿತು ಎದ್ದೆ. ಸ್ಪಂದನಾ ಶಾಲೆಯ ಗೇಟಿನಲ್ಲೇ ಕಾಯುತ್ತಿದ್ದಳು. ನನ್ನನ್ನು ಸುತ್ತ ಬಂದು ನೋಡಿದಳು. ತಟ್ಟೆ ಹಿಡಿದು ನನ್ನ ಪಕ್ಕದಲ್ಲಿ ಕುಳಿತಳು. ದಾಕ್ಷಾಯಣಮ್ಮ ಅನ್ನ ಬಡಿಸಿ, ಸಾರು ಹಾಕಿ, ಮೊಟ್ಟೆ ಇಟ್ಟರು. ನಾನು ತಿಂದೆ. ಬಾಯಿಗೆ ರುಚಿಯೇ ಇರಲಿಲ್ಲ, ಕಹಿ. ಆದರೂ ಚಪ್ಪರಿಸಿಕೊಂಡು ತಿಂದೆ. ಅವಳು ನನ್ನ ಕೈ ಹಿಡಿದಳು, ತಕ್ಷಣ ಬಿಟ್ಟಳು.

"ಆಂಟಿ, ಕೈ ಸುಡ್ತೈತೆ!"

"ಸಾರು ಬಿಸಿ ಕಣಮ್ಮಿ. ಕಲ್ಸಿದ್ನಲ್ಲ."

ಅವಳು ತನ್ನ ತಟ್ಟೆಯ ಸಾರಿಗೆ ಒಂದು ಬೆರಳು ಅದ್ದಿ ನೋಡಿದಳು. ನಿಜವಾಗಿಯೂ ಬಿಸಿಯಿತ್ತು. ಆಮೇಲೆ ಅನ್ನ ಕಲಸಿದಳು. ಮೊಟ್ಟೆಯನ್ನು ಕೊನೆಗೆಂದು ತಟ್ಟೆಯ ಅಂಚಿಗೆ ಸರಿಸಿಟ್ಟುಕೊಂಡು ಉಣ್ಣತೊಡಗಿದಳು. ನೋಡುತ್ತಿದ್ದ ಮಕ್ಕಳಲ್ಲಿ ಒಬ್ಬ ಎದ್ದ, ಇನ್ನೊಬ್ಬಳು ಎದ್ದಳು, ಆಮೇಲೆ ತಟ್ಟೆಗಾಗಿ ನೂಕುನುಗ್ಗಲು. ತೇಜಶ್ರೀ ಮೇಡಂ ಕ್ಲಾಸಿನೊಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅಳುತ್ತಿದ್ದರೋ ಏನೋ, ನನಗೆ ನೋಡಲು ತ್ರಾಣವಿರಲಿಲ್ಲ.

ಬರುವಾಗ ನಾನು ಬರೆಸಿದ್ದ ಊರ ಹೆಸರಿನ ಹಳದಿ ಬೋರ್ಡು ಕಿತ್ತು ಟ್ರ್ಯಾಕ್ಟರಿಗೆ ಹಾಕುತ್ತಿದ್ದರು. ಟ್ರ್ಯಾಕ್ಟರ್ ದಾರಿಗೆ ಅಡ್ಡ ನಿಲ್ಲಿಸಿದ್ದರಿಂದ ಸುತ್ತಿಕೊಂಡು ಬರಬೇಕಾಯಿತು.

ಜುಲೈ 11, ಶುಕ್ರವಾರ

ಶಶಿ ಬೈಕಿನಲ್ಲಿ ಹಾಸನಕ್ಕೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದರು. ಕೇಳಿದವರಿಗೆಲ್ಲ ಸೀರೆ ತರಲು ಹೋಗುತ್ತಿದ್ದೇವೆ ಎಂದು ಹೇಳಿದರು. ಈಗ ಸೀರೆಯನ್ನೂ ತೆಗೆಸಿಕೊಡಬೇಕಾಯಿತು ಎಂದು ಗೊಣಗಿದರು. ಎಲ್ಲ ಕಡೆ ಇರುವ ವೈರಲ್ ಜ್ವರವಂತೆ, ಇಳಿಯುತ್ತದೆ ಎಂದರು ಡಾಕ್ಟರು.

ಮನೆಗೆ ಬಂದಾಗ ಅತ್ತೆ ಇರಲಿಲ್ಲ. ಒಬ್ಬರೇ ತೆಂಗಿನಕಾಯಿ ತೆಗೆದುಕೊಂಡು ಗುಡಿಗೆ ಹೋಗಿದ್ದರು. ಬಂದವರು ನನ್ನ ಹಣೆಗೆ ಭಂಡಾರ ಹಚ್ಚಿ, ಹಾಸಿಗೆಯ ಅಂಚಿನಲ್ಲಿ ಕುಳಿತರು.

"ಏನು ಕೇಳ್ಕೊಂಡ್ರಿ ಅತ್ತೆ?"

"ಕೇಳ್ಕೊಳ್ಳಾದೇನು? ಯೋಳ್ಬುಟ್ಟು ಬಂದೆ. ಅನ್ನ ತಿಂದೋಳು ನನ್ ಸೊಸೆ. ಸುಳ್ಳೇಳ್ದೋಳು ನಾನು. ಬೆಂಕಿ ಆಕೋದಿದ್ರೆ ನಮ್ಮಿಬ್ರಿಗೂ ಆಕು, ಇಬ್ರೂ ತಡ್ಕೋತೀವಿ. ಉಣ್ಣೋ ಐಕ್ಳ ತಂಟೆಗೆ ಬಂದ್ರೆ ಮಾತ್ರ ನಾಳೀಕಿಂದ ನಿನ್ಗೂ ದೀಪ ಇಲ್ಲ ಅಂದೆ."

ಹೇಳಿ ಸೆರಗಿನಿಂದ ಮೂಗು ಒರೆಸಿಕೊಂಡು, ಗಂಜಿಗೆ ನೀರಿಡಲು ಒಳಗೆ ಹೋದರು.